5 ನಿಮಿಷದ ದಾರಿ ನಡೆದು ನೋಡಿದೆ, 24 ನಿಮಿಷ ಆಯ್ತು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಬ್ರೋಷರ್‌ನಲ್ಲಿ ತೋರಿಸಿದ ಸೌಕರ್ಯಗಳು ಬಡಾವಣೆಯಲ್ಲಿ ಇಲ್ಲದಿರುವ ಬಗ್ಗೆ ಮತ್ತು ಅಂಗಳದ ಇಳಿಜಾರಿನ ಬಗ್ಗೆ.

ಮಾನ್ಯರೇ,

ಊರ ಹೊರಗಿನ ನಿಮ್ಮ ಬಡಾವಣೆಯಲ್ಲಿ ನಾವು ಮನೆ ಕೊಂಡು ಎಂಟು ತಿಂಗಳಾಯಿತು. ಕಟ್ಟಡ ಗಟ್ಟಿಯಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ಅದರಲ್ಲಿ ತಕರಾರಿಲ್ಲ. ಆದರೆ ನಾವು ಬರೀ ಗೋಡೆ ನೋಡಿ ದುಡ್ಡು ಕೊಟ್ಟವರಲ್ಲ. ಸುತ್ತಮುತ್ತ ಏನೇನಿದೆ ಅಂತ ನೀವು ಹೇಳಿದ್ದಿರಲ್ಲ, ಅದನ್ನು ನಂಬಿ ಕೊಟ್ಟವರು.

ಬ್ರೋಷರ್‌ನ ಮೂರನೇ ಪುಟದಲ್ಲಿ "ಶಾಲೆ 5 ನಿಮಿಷದ ನಡಿಗೆ" ಎಂದಿದೆ. ಮಾಮೂಲಿ ನಡಿಗೆಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗಬಹುದು, ಅಂದರೆ 5 ನಿಮಿಷಕ್ಕೆ 400 ಮೀಟರ್ ಚಿಲ್ಲರೆ. ನಕಾಶೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ನಮ್ಮ ಗೇಟಿನಿಂದ ಶಾಲೆಗೆ 390 ಮೀಟರ್. ಸರಿಯೇ. ಆದರೆ ಆ ಗೆರೆ ರೈಲು ಹಳಿಯ ಮೇಲೆ ಹಾದು ಹೋಗುತ್ತದೆ. ಹಳಿಯ ಎರಡೂ ಕಡೆ ಬೇಲಿ. ಕೆಳಸೇತುವೆ ತನಕ ಹೋಗಿ ಸುತ್ತಿ ಬರಬೇಕು. ಫೋನ್ ಹಿಡಿದು ನಡೆದು ನೋಡಿದೆ: 1.9 ಕಿಲೋಮೀಟರ್, 24 ನಿಮಿಷ. ನಮಗೇನು ರೆಕ್ಕೆ ಇದೆಯಾ ಸ್ವಾಮಿ? ಶಾಲೆಯ ಗಂಟೆ ನಮ್ಮ ಮಹಡಿಗೆ ಕೇಳಿಸುತ್ತದೆ. ಅದನ್ನು ಕೇಳಿ ಮಗಳು ಹೊರಟರೆ ಮೊದಲ ಪಾಠ ಮುಗಿಯುತ್ತಾ ಬಂದಿರುತ್ತದೆ.

ಇನ್ನು ಪಾರ್ಕು. ನೀವು ಹಸಿರು ಬಣ್ಣ ಬಳಿದು ತೋರಿಸಿದ ಜಾಗ ಮಂಜೂರಾದ ನಕ್ಷೆಯಲ್ಲಿ ಮಳೆನೀರಿನ ಹೊಂಡ. ಜೋರು ಮಳೆಯ ನೀರೆಲ್ಲ ಒಟ್ಟಿಗೇ ಚರಂಡಿಗೆ ನುಗ್ಗಬಾರದು ಅಂದರೆ ಹೊಂಡ ಬೇಕೇ ಬೇಕು, ಬೇಡ ಅಂದವರು ಯಾರು? ಅದನ್ನು ಪಾರ್ಕ್ ಅಂತ ಹೇಳಿ ಮಾರಿದ್ದು ತಪ್ಪು. ಅದರ ಅಂಚಿನಲ್ಲಿ ಉಯ್ಯಾಲೆಯ ಕಬ್ಬಿಣದ ಕಂಬ ನಿಲ್ಲಿಸಿದ್ದೀರಿ. ಸರಪಳಿ ಇಲ್ಲ, ಹಲಗೆ ಇಲ್ಲ. ಮಕ್ಕಳೇ ಹಳೇ ಹಗ್ಗ ಕಟ್ಟಿಕೊಂಡು ಜೀಕುತ್ತಾರೆ, ಕೆಳಗೆ ಕೆಸರು. ಬೀದಿದೀಪದ ಕಥೆಯೂ ಅಷ್ಟೇ, ಕಂಬ ಇದೆ, ಬಲ್ಬ್ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಅಂಗಳದ್ದು. ಮನೆ ಸುತ್ತಲಿನ ನೆಲ ಗೋಡೆಯಿಂದ ಆಚೆಗೆ ಇಳಿಯಬೇಕು ಅಲ್ವಾ? ಮಣ್ಣಿನ ನೆಲವಾದರೆ ಮೊದಲ 3 ಮೀಟರಿಗೆ 15 ಸೆಂಟಿಮೀಟರ್ ಇಳಿಜಾರು ಕೊಡುವುದು ರೂಢಿ. ನಮ್ಮದು ಉಲ್ಟಾ, ಗೋಡೆ ಕಡೆಗೇ ಇಳಿದಿದೆ. ರಸಮಟ್ಟ ಇಟ್ಟು ನೋಡಿದ್ದಾಯಿತು. ಅದೂ ಬೇಡ, ಕಾರು ನಿಲ್ಲಿಸುವ ಜಾಗದಲ್ಲಿ ಮಗಳು ಗೋಲಿ ಬಿಟ್ಟರೆ ಸೀದಾ ಹೊಸಿಲಿಗೆ ಬಂದು ಬಡಿಯುತ್ತದೆ. ಮಳೆನೀರೂ ಅದೇ ದಾರಿಯಲ್ಲಿ ಬರುತ್ತದೆ. ಹಾಲ್‌ನ ಗೋಡೆಯಲ್ಲಿ ಗೇಣುದ್ದ ಬಣ್ಣ ಉಬ್ಬಿ ಪುಡಿಪುಡಿಯಾಗಿ ಉದುರುತ್ತಿದೆ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಎಂಜಿನಿಯರ್ ಬರ್ತಾರೆ" ಅಂದಿರಿ. ಬಂದಿದ್ದು ನೀರು ಮಾತ್ರ.

ರೈಲು ಹಳಿ ಕಿತ್ತುಹಾಕಿ ಅಂತ ನಾನು ಕೇಳುತ್ತಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಅಂಗಳದ ಇಳಿಜಾರು ನಿಮ್ಮ ಖರ್ಚಿನಲ್ಲಿ ಸರಿಮಾಡಿ, ಗೋಡೆ ರಿಪೇರಿ ಮಾಡಿಸಿ. ಉಯ್ಯಾಲೆಗೆ ಬೇರೆ ಜಾಗ ಕೊಡಿ, ಹೊಂಡಕ್ಕೆ ಬೇಲಿ ಹಾಕಿಸಿ, ದೀಪ ಹಚ್ಚಿಸಿ. ಯಾವ ಕೆಲಸ ಯಾವ ತಾರೀಖಿಗೆ ಅಂತ 15 ದಿನದೊಳಗೆ ಬರೆದು ತಿಳಿಸಿ, ಫೋನಿನಲ್ಲಿ ಬೇಡ.

ಇನ್ನೊಂದು ಮಾತು. ಹೋದ ಭಾನುವಾರವೂ ನಿಮ್ಮ ಹುಡುಗರು ಪಕ್ಕದ ಖಾಲಿ ಮನೆ ತೋರಿಸುತ್ತಾ ಅದೇ ಬ್ರೋಷರ್ ಹಂಚುತ್ತಿದ್ದರು. ಮೊದಲು ಅದನ್ನು ನಿಲ್ಲಿಸಿ. ಅಥವಾ ಕೊಳ್ಳಲು ಬಂದವರನ್ನು ನಮ್ಮ ಗೇಟಿನಿಂದ ಶಾಲೆವರೆಗೆ ಒಮ್ಮೆ ನಡೆಸಿಕೊಂಡು ಹೋಗಿ.

ಫೋಟೋಗಳು, ಬ್ರೋಷರ್‌ನ ಮೂರನೇ ಪುಟ ಮತ್ತು ಮಂಜೂರಾದ ನಕ್ಷೆಯ ಪ್ರತಿ ಜೊತೆಗಿವೆ.

ಇಂತಿ,
ನಿಮ್ಮ ಬಡಾವಣೆಯ ನಿವಾಸಿ