ಸ್ಪರ್ಧೆಗೆ ಇಂಗ್ಲಿಷ್ ಬೇಕಂತೆ, ನಮ್ಮ ಅಜ್ಜಿ ಮಾತಾಡೋದು ಕನ್ನಡ

ಸಂಪಾದಕರಿಗೆ ನಮಸ್ಕಾರ.

ಮಕ್ಕಳು ಕನ್ನಡ ಓದುವುದನ್ನು ಬಿಡುತ್ತಿದ್ದಾರೆ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಒಂದು ಲೇಖನ ಬಂದಿತ್ತು. ಅದರಲ್ಲಿ ಬರೆದಿದ್ದೆಲ್ಲ ನಿಜ. ಆದರೆ ಆ ಪುರವಣಿಯನ್ನು ಮೊದಲಿನಿಂದ ಕೊನೆತನಕ ತಿರುವಿ ಹಾಕಿದೆ. ಚಿತ್ರದಲ್ಲಿ ಹೇಳಿದ ಕಥೆ ಒಂದೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಊರು ಸಾಗರ ತಾಲ್ಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ಬೆಳಿಗ್ಗೆಯಿಂದ ಸಂಜೆವರೆಗೆ ಗೃಹಪ್ರವೇಶ, ನಾಮಕರಣ, ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ. ರಾತ್ರಿ ರೂಮಿಗೆ ಬಂದ ಮೇಲೆ ಕಾಮಿಕ್ಸ್ ಬಿಡಿಸುತ್ತೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆನ್‌ಲೈನ್‌ನಲ್ಲಿ ಚಿತ್ರಕಾರರಿಗಾಗಿ ನಡೆದ ಒಂದು ಕಾಮಿಕ್ಸ್ ಸ್ಪರ್ಧೆಗೆ ಹೆಸರು ಕೊಟ್ಟೆ. ನಡೆಸಿದವರು ಹೊರಗಿನವರು. ಅವರ ಹೆಸರು ಇಲ್ಲಿ ಬೇಡ. ನಾನು ಹೇಳಬೇಕಾಗಿರುವುದು ಅವರೊಬ್ಬರ ವಿಷಯ ಅಲ್ಲ.

ಇಂಥ ಸ್ಪರ್ಧೆ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಮೊದಲು ಕಾಮಿಕ್ಸ್ ಕೇಳುವುದಿಲ್ಲ, ಪಿಚ್ ಕೇಳುತ್ತಾರೆ. ಅಂದರೆ ಕಥೆ ಏನು ಎಂದು ನಾಲ್ಕೈದು ಸಾಲು, ಜೊತೆಗೆ ಮಾದರಿಗೆ ಒಂದು ಪುಟ. ಕಥೆಯಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು, ಏನು ಅಡ್ಡ ಬರುತ್ತದೆ, ಕೊನೆಗೆ ಏನಾಗುತ್ತದೆ, ಎಲ್ಲವೂ ಆ ಸಾಲುಗಳಲ್ಲೇ ಬರಬೇಕು. ಹೊಸಬರು ಕೊನೆಯನ್ನು ಮುಚ್ಚಿಡುತ್ತಾರೆ, ‘ಮುಂದೇನಾಯಿತು?’ ಎಂದು ನಿಲ್ಲಿಸುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಅದು ತಪ್ಪು. ಆಯ್ಕೆ ಮಾಡುವವರು ಓದುಗರಲ್ಲ, ಕಥೆ ದಡ ಮುಟ್ಟುತ್ತದೋ ಇಲ್ಲವೋ ಎಂದು ಅವರಿಗೆ ಮೊದಲೇ ಗೊತ್ತಾಗಬೇಕು. ಪಿಚ್ ಒಪ್ಪಿಗೆಯಾದರೆ ಮಾತ್ರ ನಾಲ್ಕು ಪುಟ ಬಿಡಿಸಬೇಕು. ಪುಟಕ್ಕೆ ಐದಾರು ಚೌಕ ಅಂದರೂ ಒಟ್ಟು ಇಪ್ಪತ್ತರ ಮೇಲಾಯಿತು. ಅಷ್ಟರಲ್ಲಿ ಒಂದು ಕಥೆ ಹೇಳಿ ಮುಗಿಸುವುದು ಸುಲಭ ಅಲ್ಲ.

ನನ್ನ ಕಥೆ ಲಾಂಚಿನದು. ನಮ್ಮ ಕಡೆಯವರಿಗೆ ಲಾಂಚ್ ಅಂದರೆ ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಊರು ಮುಳುಗಿದವು. ಅದರಲ್ಲಿ ನನ್ನ ಅಜ್ಜಿಯ ತವರೂ ಒಂದು. ಆಗ ಅಜ್ಜಿ ಇನ್ನೂ ಲಂಗ ಉಡುವ ಹುಡುಗಿ. ಆಮೇಲೆ ಸಾಗರಕ್ಕೆ ಹೋಗಬೇಕು ಅಂದರೆ ಬಸ್ಸು, ಜೀಪು, ದನ, ಜನ ಎಲ್ಲ ಒಟ್ಟಿಗೆ ಲಾಂಚ್ ಹತ್ತಿ ಆಚೆ ದಡ ಸೇರಬೇಕು. ಲಾಂಚ್ ನಡುನೀರಿಗೆ ಬಂದಾಗ ಅಜ್ಜಿ ಕಂಬಿ ಹಿಡಿದು ನಿಲ್ಲುತ್ತಿದ್ದಳು. ನೀರಿನಿಂದ ತಲೆ ಎತ್ತಿದ ಒಣ ಮರದ ಬೊಡ್ಡೆಗಳನ್ನು ಗುರುತು ಹಿಡಿದು, ‘ಇಲ್ ನೋಡೇ ಮಾರಾಯ್ತಿ, ಇಲ್ಲೇ ನಮ್ ಕೊಟ್ಗೆ ಇದ್ದಿದ್ದು’ ಎಂದು ಶುರು ಮಾಡುತ್ತಿದ್ದಳು. ಕೊಟ್ಟಿಗೆ, ಬಾವಿ, ಹಲಸಿನ ಮರ, ಮದುವೆ ಚಪ್ಪರ ಹಾಕಿದ ಅಂಗಳ. ಲಾಂಚ್ ದಡ ಮುಟ್ಟುವುದಕ್ಕೂ ಅಜ್ಜಿಯ ಕಥೆ ಮುಗಿಯುವುದಕ್ಕೂ ಸರಿ ಹೋಗುತ್ತಿತ್ತು.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದ. ನಮಗೆಲ್ಲ ಖುಷಿಯೇ. ಕೊನೆಯ ಲಾಂಚ್ ತಪ್ಪಿ, ಹುಷಾರಿಲ್ಲದವರನ್ನು ಇಟ್ಟುಕೊಂಡು ದಡದಲ್ಲಿ ರಾತ್ರಿ ಕಳೆದವರಿಗೆ ಆ ಸೇತುವೆಯ ಬೆಲೆ ಗೊತ್ತು. ಆದರೆ ಮೊದಲ ಸಲ ಬಸ್ಸಿನಲ್ಲಿ ಅಜ್ಜಿಯ ಜೊತೆ ಅದನ್ನು ದಾಟಿದಾಗ ಒಂದು ನಡೆಯಿತು. ಅಜ್ಜಿ ಕಿಟಕಿಗೆ ಮುಖ ಇಟ್ಟು, ‘ಇಲ್ ನೋಡೇ ಮಾರಾಯ್ತಿ’ ಎಂದಳು. ಕೊಟ್ಟಿಗೆಯಿಂದ ಬಾವಿಗೆ ಬರುವಷ್ಟರಲ್ಲಿ ಸೇತುವೆ ಮುಗಿದೇ ಹೋಯಿತು. ಅಜ್ಜಿ ಸುಮ್ಮನಾದಳು.

ಇಷ್ಟೇ ನನ್ನ ಕಾಮಿಕ್ಸು. ಮೊದಲ ಎರಡು ಪುಟ ಲಾಂಚು, ಅಲ್ಲಿ ಕಥೆ ಪೂರ್ತಿ ಆಗುತ್ತದೆ. ಮೂರನೇ ಪುಟ ಸೇತುವೆ, ಅಲ್ಲಿ ಕಥೆ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕನೇ ಪುಟದಲ್ಲಿ ಇಬ್ಬರೂ ಬಸ್ ಇಳಿದು ರಸ್ತೆ ಬದಿ ಕಲ್ಲಿನ ಮೇಲೆ ಕೂರುತ್ತಾರೆ. ಹುಡುಗಿ, ‘ಬಾವಿ ಹತ್ರ ಏನಿತ್ತು ಅಜ್ಜಿ?’ ಎಂದು ಕೇಳುತ್ತಾಳೆ.

ಪಿಚ್ ಕನ್ನಡದಲ್ಲಿ ಬರೆದೆ. ಅರ್ಜಿಯಲ್ಲಿ ಇಂಗ್ಲಿಷ್ ಮಾತ್ರ ಎಂದಿತ್ತು. ಗೊತ್ತಿದ್ದವರೊಬ್ಬರು ಇಂಗ್ಲಿಷ್ ಮಾಡಿಕೊಟ್ಟರು. ‘ಹಿನ್ನೀರು’ ಹೋಗಿ ‘ಬ್ಯಾಕ್‌ವಾಟರ್’ ಆಯಿತು. ‘ಮಾರಾಯ್ತಿ’ಗೆ ಏನೂ ಸಿಗಲಿಲ್ಲ, ಬಿಟ್ಟೆವು. ಪಿಚ್ ಆಯ್ಕೆಯಾಯಿತು, ಸುಳ್ಳು ಹೇಳುವುದಿಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಜೊತೆಗೆ ಬಂದ ಸಲಹೆ ಓದಿ ಅಳು ಬಂತು. ದೋಣಿಮನೆಯಲ್ಲಿ ನಡೆಯುವ ಕಥೆ ಚೆನ್ನಾಗಿದೆ, ಕುತೂಹಲ ಕಡಿಮೆ, ದೋಣಿ ಅಪಘಾತ ಒಂದನ್ನು ಸೇರಿಸಬಹುದಾ ಎಂದು ಕೇಳಿದ್ದರು. ಓದಿದವರ ಕಣ್ಣಿಗೆ ಕೇರಳದ ಪ್ರವಾಸಿ ದೋಣಿ ಬಂದಿದೆ. ಅವರನ್ನು ಬೈಯುವುದು ಹೇಗೆ? ‘ಬ್ಯಾಕ್‌ವಾಟರ್’ ಅಂದರೆ ಅವರಿಗೆ ಗೊತ್ತಿರುವುದು ಅದೇ. ‘ಹಿನ್ನೀರು’ ಎಂದು ಓದಿ, ಮುಳುಗಿದ ಊರು ನೆನಪಾಗುವ ಒಬ್ಬರು ಆ ಕಡೆ ಇದ್ದಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಅಪಘಾತ ಸೇರಿಸಲಿಲ್ಲ. ನಾಲ್ಕು ಪುಟ ನನಗೆ ಅನಿಸಿದ ಹಾಗೇ ಬಿಡಿಸಿದೆ. ಸುಮಾರು ಒಂದು ತಿಂಗಳ ರಾತ್ರಿಗಳು ಹೋದವು. ಹಾಳೆಗೆ ಕೈ ಹಚ್ಚುವ ಮೊದಲು ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಎಲ್ಲ ಪುಟವನ್ನೂ ಗೀಚಿಕೊಳ್ಳುತ್ತೇನೆ. ಯಾವ ಚೌಕ ದೊಡ್ಡದು, ಯಾರು ಎಡಕ್ಕೆ, ಮಾತು ಎಲ್ಲಿ ಕೂರುತ್ತದೆ, ಎಲ್ಲ ಅಲ್ಲೇ ತೀರ್ಮಾನ ಆಗಬೇಕು. ಮೊದಲು ಮಾತಾಡುವವರು ಎಡಗಡೆ ಇರಬೇಕು, ಇಲ್ಲದಿದ್ದರೆ ಮಾತು ಬರೆಯುವ ಬಲೂನಿನ ಬಾಲಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆಮೇಲೆ ಪೆನ್ಸಿಲ್, ಆಮೇಲೆ ಇಂಕು. ಬಣ್ಣಕ್ಕೆ ಮಾತ್ರ ಕಂಪ್ಯೂಟರು. ಕ್ರಿತಾ ಎಂಬ ತಂತ್ರಾಂಶ ಇದೆ, ದುಡ್ಡು ಕೊಡಬೇಕಿಲ್ಲ. ಬಣ್ಣದ ಟ್ಯೂಬ್ ಕೊಳ್ಳಲು ಆಗದ ನಮ್ಮ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಗೆರೆ ಎಳೆಯುವುದನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಅಜ್ಜಿಯ ಹತ್ತಿರ ಕಲಿತೆ. ನಾವು ದೀವರು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಹಸೆ ಚಿತ್ತಾರ ಬರೆಯುವುದು ನಮ್ಮ ಹೆಂಗಸರ ಕೆಲಸ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು. ಅಜ್ಜಿ ನಾರಿನ ತುದಿಯನ್ನು ಜಜ್ಜಿ, ಹಿಟ್ಟಿನಲ್ಲಿ ಅದ್ದಿ, ಹೆಚ್ಚಾದದ್ದನ್ನು ಬಟ್ಟಲಿನ ಅಂಚಿಗೆ ಒರೆಸಿ, ಒಂದು ಸಲ ಉಸಿರು ಬಿಗಿ ಹಿಡಿಯುತ್ತಿದ್ದಳು. ಆ ಉಸಿರಿನಲ್ಲೇ ಗೆರೆ ಈ ತುದಿಯಿಂದ ಆ ತುದಿಗೆ ಹೋಗಬೇಕು. ನಡುವೆ ಎತ್ತುವ ಹಾಗಿಲ್ಲ. ಚೌಕದ ಅಂಚು ಎಳೆಯುವಾಗ ನಾನು ಈಗಲೂ ಸ್ಕೇಲ್ ಇಡುವುದಿಲ್ಲ. ಉಸಿರು ಹಿಡಿದೇ ಎಳೆಯುತ್ತೇನೆ.

ಇನ್ನು ಅಕ್ಷರದ ವಿಷಯ. ಇದನ್ನು ಸಂಪಾದಕರಾದ ನೀವು ಬೇರೆಯವರಿಗಿಂತ ಚೆನ್ನಾಗಿ ಬಲ್ಲಿರಿ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಲೆಕ್ಕ ಹಾಕಿದ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅದಕ್ಕೆ ಕನ್ನಡದ ಬಲೂನು ಎತ್ತರ ಆಗಲೇಬೇಕು. ನಮ್ಮ ಪದಗಳೂ ಉದ್ದ. ‘ಹೋಗುತ್ತಿದ್ದೇನೆ’ ಎಂಬ ಒಂದು ಪದವೇ ಬಲೂನು ತುಂಬುತ್ತದೆ. ‘ಹೊಂಟೆ’ ಅಂದರೆ ಎರಡೇ ಅಕ್ಷರ. ಹೀಗಾಗಿ ಕಾಮಿಕ್ಸಿಗೆ ಆಡುಮಾತೇ ಚೆಂದ, ಜಾಗಕ್ಕೂ ಒಳ್ಳೆಯದು. ನಮ್ಮ ಅಂಗಡಿಯಲ್ಲಿ ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ನಡೆಯುತ್ತದೆ. ಅಲ್ಲಿ ಬರೆದದ್ದನ್ನು ಹಾಗೇ ಆನ್‌ಲೈನ್ ಅರ್ಜಿಗೆ ಹಾಕಿದರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್‌ನಲ್ಲಿ ಬರೆದರೆ ಕೆಲವು ಚಿತ್ರ ತಂತ್ರಾಂಶಗಳಲ್ಲಿ ಒತ್ತು ಮುರಿದು ಪಕ್ಕಕ್ಕೆ ಬರುತ್ತದೆ. ಕೊನೆಗೆ ಎಲ್ಲ ಮಾತನ್ನೂ ಕೈಯಲ್ಲೇ ಬರೆದೆ.

ಸದ್ದು ಬರೆಯುವಾಗ ಮಾತ್ರ ಎಷ್ಟು ಖುಷಿಯಾಯಿತು ಗೊತ್ತಾ! ಹಂಚಿನ ಮೇಲೆ ‘ಪಟಪಟ’, ಜೋರಾದರೆ ‘ಧೋ’, ನಿಲ್ಲುವಾಗ ‘ತೊಟ್ ತೊಟ್’. ಲಾಂಚಿನ ಇಂಜಿನ್ನಿಗೆ ‘ಗುಡುಗುಡುಗುಡು’, ಜೀರುಂಡೆಗೆ ‘ಜೀರ್‍ರ್’. ಮಳೆಗೇ ಇಷ್ಟು ಸದ್ದು ಇಟ್ಟುಕೊಂಡಿರುವ ಭಾಷೆಯಲ್ಲಿ ಕಾಮಿಕ್ಸ್ ಕಡಿಮೆ ಇದೆ ಅಂದರೆ ನನಗೆ ಸಂಕಟ ಆಗುತ್ತದೆ.

ಕೊನೆಯ ಸುತ್ತು ಲೈಕ್ ಲೆಕ್ಕದಲ್ಲಿ ಹೋಯಿತು. ನನಗೆ ಬಹುಮಾನ ಬರಲಿಲ್ಲ. ಗೆದ್ದವರ ಚಿತ್ರ ನಿಜಕ್ಕೂ ಚೆನ್ನಾಗಿತ್ತು, ಆ ಬಗ್ಗೆ ದೂರಿಲ್ಲ. ದೂರು ಇರುವುದು ನಿಯಮದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲಿನ ಬಗ್ಗೆ. ಕಳಿಸಿದ ಎಲ್ಲ ಚಿತ್ರಗಳ ಹಕ್ಕು, ಗೆದ್ದರೂ ಸೋತರೂ, ಎಲ್ಲ ದೇಶಗಳಲ್ಲಿ, ಎಂದೆಂದಿಗೂ ನಡೆಸುವವರದೇ ಎಂದಿತ್ತು. ನಾನು ಸರಿಯಾಗಿ ಓದದೆ ಒಪ್ಪಿಗೆ ಒತ್ತಿದ್ದೆ. ಅಂಗಡಿಗೆ ಬೋರ್ಡ್ ಮಾಡಿಸಲು ಬಂದ ವಕೀಲರೊಬ್ಬರು ಆಮೇಲೆ ತಿಳಿಸಿ ಹೇಳಿದರು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಜಾಗ ಹೇಳದಿದ್ದರೆ ಭಾರತ ಮಾತ್ರ. ಇಲ್ಲಿ ಎರಡನ್ನೂ ಹೇಳಿಬಿಟ್ಟಿದ್ದಾರೆ. ಆದರೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ, ಹಕ್ಕು ಮಾರಿದ ಮೇಲೂ ಬರೆದವರಲ್ಲೇ ಉಳಿಯುತ್ತದೆ ಎಂದರು. ಅದೊಂದು ಸಮಾಧಾನ. ನಮ್ಮ ಕಡೆಯ ಹುಡುಗ ಹುಡುಗಿಯರು ಇಂಥ ಸ್ಪರ್ಧೆಗೆ ಕಳಿಸುವ ಮೊದಲು ಆ ಸಾಲನ್ನು ಹುಡುಕಿ ಓದಲಿ.

ಭಾಷೆಯ ತೊಡಕಿಗೆ ದಾರಿ ಇಲ್ಲ ಅಂತಲ್ಲ. ಜಪಾನಿನ ಕೋಆಮಿಕ್ಸ್ ಕಂಪನಿಯವರು ಸೈಲೆಂಟ್ ಮಾಂಗಾ ಆಡಿಷನ್ ಎಂಬ ಕಾಮಿಕ್ಸ್ ಸ್ಪರ್ಧೆ ನಡೆಸುತ್ತಾರೆ. ಅಲ್ಲಿ ಮಾತೇ ಇರಬಾರದು, ಬರೀ ಚಿತ್ರ. ಯಾವ ದೇಶದವರೂ ಕಳಿಸಬಹುದು. ಒಳ್ಳೆಯ ಯೋಚನೆ. ಆದರೆ ನನ್ನ ಅಜ್ಜಿಯ ಬಾಯಿ ಮುಚ್ಚಿಸಿ ಆ ಕಥೆ ಹೇಳಲು ಬರುವುದಿಲ್ಲ ಅಲ್ವಾ?

ಕನ್ನಡದವರಿಗೆ ಇದೇನು ಹೊಸ ವಿದ್ಯೆ ಅಲ್ಲ. 1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಅವರು ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಶುರು ಮಾಡಿದರು, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು ಅದರಲ್ಲಿ ಬಂದವು. 1967ರಲ್ಲಿ ‘ಅಮರ ಚಿತ್ರ ಕಥೆ’ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ಘಟ್ಟದ ಕೆಳಗಿನ ಕಾರ್ಕಳದಲ್ಲಿ. ನಮ್ಮ ಮನೆಯಲ್ಲಿ ಅಣ್ಣ ಮಕ್ಕಳ ಪತ್ರಿಕೆ ಬಾಲಮಂಗಳದ ಚಿತ್ರಕಥೆಯ ಡಿಂಗನಿಗಾಗಿ ಲಾಂಚ್ ಕಟ್ಟೆಯಲ್ಲಿ ಕಾದು ನಿಲ್ಲುತ್ತಿದ್ದ. ಶಾಲೆಯ ಪಾಠ ಓದದ ಹುಡುಗ ಅದನ್ನು ದಡದಲ್ಲೇ ನಿಂತು ಓದಿ ಮುಗಿಸಿ ಮನೆಗೆ ಬರುತ್ತಿದ್ದ. ಅವನಿಗೆ ಕನ್ನಡ ಓದು ಹತ್ತಿದ್ದೇ ಹಾಗೆ.

ನನ್ನ ಕೋರಿಕೆ ಇದು. ತಿಂಗಳಿಗೊಂದು ಭಾನುವಾರ ಪುರವಣಿಯಲ್ಲಿ ಅರ್ಧ ಪುಟ ಕೊಡಿ. ಎಂಟು ಚೌಕದ ಒಂದು ಕಥೆ ಅಲ್ಲಿ ಆರಾಮಾಗಿ ಹಿಡಿಯುತ್ತದೆ. ಓದುಗರಿಂದ ಪಿಚ್ ಕರೆಯಿರಿ, ಕನ್ನಡದಲ್ಲೇ ಕರೆಯಿರಿ. ಹವ್ಯಕ ಕನ್ನಡ, ದೀವರ ಕನ್ನಡ, ಭದ್ರಾವತಿ ಪೇಟೆ ಕನ್ನಡ, ಯಾವುದಾದರೂ ಸರಿ ಎಂದು ಬರೆಯಿರಿ. ಕೈಬರಹದಲ್ಲಿ ಅಂಚೆಗೆ ಹಾಕಿದ್ದನ್ನೂ ತೆಗೆದುಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋವನ್ನೂ ತೆಗೆದುಕೊಳ್ಳಿ. ನಮ್ಮೂರಲ್ಲಿ ದೊಡ್ಡ ಫೈಲ್ ಹತ್ತಿಸಲು ಈಗಲೂ ಗುಡ್ಡ ಹತ್ತಬೇಕು. ಪಿಚ್ ಒಪ್ಪಿದ ಮೇಲೆ, ಚಿತ್ರ ಬಿಡಿಸುವ ಮೊದಲೇ, ಸ್ವಲ್ಪವಾದರೂ ಸಂಭಾವನೆ ಕೊಡಿ. ರಾತ್ರಿ ನಿದ್ದೆ ಕೆಟ್ಟು ಮಾಡುವ ಕೆಲಸ ಇದು. ಹಕ್ಕು ಬಿಡಿಸಿದವರಲ್ಲೇ ಇರಲಿ, ನಿಮಗೆ ಒಂದು ಸಲ ಅಚ್ಚು ಹಾಕುವ ಅನುಮತಿ ಸಾಕು. ಆಯ್ಕೆಯನ್ನು ಲೈಕಿಗೆ ಬಿಡಬೇಡಿ. ಚಿತ್ರ ಬಲ್ಲವರು ಒಬ್ಬರು, ಮಕ್ಕಳ ಜೊತೆ ದಿನಾ ಇರುವ ಮೇಷ್ಟ್ರೋ ಟೀಚರೋ ಒಬ್ಬರು ಕೂತು ಓದಲಿ. ಆಯ್ಕೆಯಾಗದ ಪಿಚ್‌ಗೆ ಯಾಕೆ ಆಗಲಿಲ್ಲ ಎಂದು ಎರಡು ಸಾಲು ಬರೆದು ಕಳಿಸಿ. ಆ ಎರಡು ಸಾಲು ಬಹುಮಾನಕ್ಕಿಂತ ಜಾಸ್ತಿ ಕಲಿಸುತ್ತದೆ.

ಅಕ್ಷರ ಬರೆಯಲು ಬಾರದ ಮಕ್ಕಳ ಚಿತ್ರಗಳಿದ್ದರೆ ನನಗೆ ಕಳಿಸಿ. ಭಾನುವಾರ ಅಂಗಡಿಗೆ ರಜೆ. ಬಲೂನಿನ ಮಾತುಗಳನ್ನು ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ.

ಸ್ಪರ್ಧೆಗೆ ಕೊಟ್ಟ ಪುಟಗಳನ್ನು ನಿಮಗೆ ಕಳಿಸುವ ಹಾಗಿಲ್ಲ. ಹೊಸದೊಂದು ಪುಟ ಬಿಡಿಸಿದ್ದೇನೆ, ಅದರ ಜೆರಾಕ್ಸ್ ಈ ಪತ್ರದ ಜೊತೆ ಇದೆ. ಅಜ್ಜಿ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಿದ್ದಾಳೆ, ಪಕ್ಕದಲ್ಲಿ ಮೊಮ್ಮಗಳು ನಾರು ಜಜ್ಜುತ್ತಿದ್ದಾಳೆ. ಆರನೇ ಚೌಕದಲ್ಲಿ ‘ಬುಟ್ಟಿ’ ಎಂಬ ಪದ ಇದೆ. ಪತ್ರಿಕೆಯ ಅಳತೆಗೆ ಇಳಿಸಿದಾಗ ಅದರ ಒತ್ತು ಕಾಣುತ್ತದಾ ಎಂದು ಒಮ್ಮೆ ನೋಡಿ ತಿಳಿಸಿ. ಕಾಣದಿದ್ದರೆ ಬಲೂನು ಇನ್ನೂ ಸ್ವಲ್ಪ ದೊಡ್ಡದು ಮಾಡುತ್ತೇನೆ.

ಇತಿ,
ನಿಮ್ಮ ಓದುಗಳು
ದುರ್ಗಿಗುಡಿ, ಶಿವಮೊಗ್ಗ