ಪಾವಗಡದ ಅಕ್ಕನಿಗೂ ಉಳಿದ ಎಲ್ಲರಿಗೂ

ಹೋದ ವಾರ ಎರಡನೇ ಪೇಟೆಂಟಿನ ಸರ್ಟಿಫಿಕೇಟ್ ಬಂತು. ಮೊದಲನೆಯದು ಬಂದಾಗ ನಾನು ಎಲ್ಲೂ ಬರೆದುಕೊಂಡಿರಲಿಲ್ಲ. ಅದು ಪಂಪ್‌ಸೆಟ್ ಸ್ಟಾರ್ಟರಿನ ಡಬ್ಬದೊಳಗೆ ಹಲ್ಲಿ ನುಗ್ಗಿ ಶಾರ್ಟ್ ಆಗದಂತೆ ಟರ್ಮಿನಲ್ ಮುಚ್ಚುವ ಪ್ಲಾಸ್ಟಿಕ್ ತುಂಡಿನದು. ನಮ್ಮ ಮನೆಯಲ್ಲಿ ಇವತ್ತಿಗೂ ಅದು "ಹಲ್ಲಿ ಪೇಟೆಂಟ್". ಈ ಸಲದ್ದು ಬೋರ್‌ವೆಲ್ ಮೋಟರ್ ನೀರಿಲ್ಲದೆ ಓಡಿ ಸುಟ್ಟುಹೋಗದಂತೆ ಕಾಯುವ ಸ್ಟಾರ್ಟರಿಗೆ ಸಿಕ್ಕಿದ್ದು. ಅದೇ ವಾರ ಆಫೀಸಿನಲ್ಲೂ "ಸದ್ಯಕ್ಕೆ ನೋಡಿಕೋ" ಅಂತ ಕೊಟ್ಟಿದ್ದ ಪ್ರಾಡಕ್ಟ್ ಮ್ಯಾನೇಜರ್ ಕೆಲಸವನ್ನು ಕಾಯಂ ಮಾಡಿದರು. ಫೋನ್ ಮಾಡಿ ಹಾರೈಸಿದವರಿಗೆಲ್ಲ ಆಗಲೇ ಧನ್ಯವಾದ ಹೇಳಿದ್ದೇನೆ. ಈ ಬರಹ ಫೋನಿನಲ್ಲಿ ಹೇಳಿ ಮುಗಿಸಲಾಗದ್ದಕ್ಕೆ.

ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಓದಿ ಪೀಣ್ಯಕ್ಕೆ ಬಂದವಳಿಗೆ ಸಿಕ್ಕಿದ್ದು ರಿಲೇ ಟೆಸ್ಟ್ ಮಾಡುವ ಬೆಂಚು. ಅಲ್ಲಿಂದ ಡಿಸೈನಿಗೆ, ಡಿಸೈನಿನಿಂದ ಪ್ರಾಡಕ್ಟಿಗೆ. ಬೆಂಚಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದ ಸೂಪರ್‌ವೈಸರ್ ಸಾರ್, ನನ್ನ ಡ್ರಾಯಿಂಗ್‌ಗಳಿಗೆ ಕೆಂಪು ಇಂಕಿನಲ್ಲಿ ಉಗಿದ ಹಿರಿಯರು, ಫರ್ಮ್‌ವೇರ್ ಹುಡುಗರು, ಪರ್ಚೇಸಿನ ಮೇಡಂ, ಪಿಜಿಯಲ್ಲಿ ನನ್ನ ಪಾಲಿನ ಅನ್ನ ಎತ್ತಿಡುತ್ತಿದ್ದ ಗೆಳತಿಯರು: ನಿಮಗೆಲ್ಲ ಒಂದೇ ಸಾಲಿನಲ್ಲಿ ನಮಸ್ಕಾರ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಎದುರಿಗೆ ಸಿಕ್ಕಾಗ ಊಟ ಹಾಕಿಸುತ್ತೇನೆ.

ಡಿಸೈನಿನಲ್ಲಿದ್ದಾಗ ಕರೆಂಟ್ ಅಳೆಯುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಷ್ಟು ನಿಖರ ಅಂತ ವಾದ ಮಾಡುತ್ತಿದ್ದವಳು, ಪ್ರಾಡಕ್ಟ್ ಕಡೆ ಬಂದ ಮೇಲೆ ಅದೇ ಸಿಟಿಯ ಬೆಲೆಗೆ ಕಿತ್ತಾಡತೊಡಗಿದೆ. ರೇಟು ಸ್ವಲ್ಪ ಹೆಚ್ಚಾದರೂ ಅಂಗಡಿಯವನು ಪಕ್ಕದ ಲೋಕಲ್ ಡಬ್ಬವನ್ನೇ ಎತ್ತಿಕೊಡುತ್ತಾನೆ. ಒಳಗಿನ ಲಾಜಿಕ್ ಎಷ್ಟು ಚೆಂದ ಇದ್ದರೇನು, ಅವನಿಗೆ ಬೇಕಾದದ್ದು ವಾಪಸ್ ಬರದ ಮಾಲು. ಇದನ್ನು ಅರಗಿಸಿಕೊಳ್ಳೋಕೆ ನನಗೆ ಬಹಳ ಕಾಲ ಹಿಡಿಯಿತು. ಇಂಜಿನಿಯರಾಗಿದ್ದ ದಿನಗಳ ಅಹಂಕಾರ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ತೊಂದರೆ ಏನಿತ್ತು ಅಂತ ಊರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಅಂದರೆ ನಮ್ಮಲ್ಲಿ ದಿನಕ್ಕೆ 7 ಗಂಟೆಯ ಲೆಕ್ಕ, ಅದರಲ್ಲೂ ಎಷ್ಟೋ ಸಲ ಬರುವುದು ರಾತ್ರಿಯೇ. ನಿದ್ದೆಗೆಟ್ಟು ಸ್ವಿಚ್ ಒತ್ತೋರು ಯಾರು ಅಂತ ಆಟೋ ಹಾಕಿಸುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಏಳುತ್ತದೆ. ಬೋರಿನಲ್ಲಿ ನೀರು ತಳ ಮುಟ್ಟಿದ ಮೇಲೂ ಅದು ಓಡುತ್ತಲೇ ಇರುತ್ತದೆ. ಸಬ್‌ಮರ್ಸಿಬಲ್ ಮೋಟರಿನ ಬಿಸಿ ಆರುವುದೇ ಸುತ್ತಲಿನ ನೀರಿನಿಂದ, ನೀರಿಲ್ಲದಿದ್ದರೆ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಹೋಯಿತು ಅಂತಲೇ ಲೆಕ್ಕ. ಆಮೇಲೆ ಚೈನ್ ಪುಲ್ಲಿ ತರಿಸಿ, ಪೈಪ್ ಒಂದೊಂದೇ ಬಿಚ್ಚಿ ಮೋಟರ್ ಎತ್ತಿಸಿ, ರೀವೈಂಡಿಂಗ್‌ಗೆ ಕೊಟ್ಟು ಕಾಯಬೇಕು. ಅಷ್ಟರಲ್ಲಿ ಬೆಳೆ ಬಾಡಿರುತ್ತದೆ.

ನೀರು ಕಡಿಮೆಯಾದರೆ ಮೋಟರ್ ಎಳೆಯುವ ಕರೆಂಟ್ ಇಳಿಯುತ್ತದೆ, ಅದನ್ನು ನೋಡಿ ಆಫ್ ಮಾಡುವ ರಿಲೇ ಮೊದಲಿನಿಂದಲೂ ಇದೆ. ಪಾವಗಡದಂಥ ಕಡೆ ಅದರ ಆಟ ನಡೆಯುವುದಿಲ್ಲ. ಅಲ್ಲಿ ನೀರೂ ಗಾಳಿಯೂ ಬೆರೆತು ಬುಳುಬುಳು ಅಂತ ಬರುತ್ತದೆ, ವೋಲ್ಟೇಜ್ ಬೇರೆ ಏರಿಳಿಯುತ್ತದೆ. ನೀರಿದ್ದಾಗ ಟ್ರಿಪ್ ಆಗಿ, ಇಲ್ಲದಾಗ ಓಡುವುದೂ ಉಂಟು. ಟ್ರಿಪ್ ಆದ ಮೇಲೆ ಮತ್ತೆ ಎಷ್ಟು ಹೊತ್ತಿಗೆ ಏಳಬೇಕು ಅನ್ನುವುದು ಇನ್ನೂ ದೊಡ್ಡ ತಲೆನೋವು. ಟೈಮರ್ ಬೇಗ ಎಬ್ಬಿಸಿದರೆ ಬೋರ್ ಖಾಲಿ, ತಡವಾಗಿ ಎಬ್ಬಿಸಿದರೆ ಅಷ್ಟರೊಳಗೆ ಕರೆಂಟೇ ಹೋಗಿರುತ್ತದೆ. ನಾವು ಅಲ್ಲಿ ಪರೀಕ್ಷೆಗೆ ಕೂರಿಸಿದ್ದ ಸ್ಟಾರ್ಟರ್ ಡಬ್ಬಗಳು ಇದೇ ಪಾಡು ಪಟ್ಟಿದ್ದವು. ಸೇಲ್ಸಿನವರು ಎಲ್ಲ ಕಿತ್ತು ತರೋಣ ಅನ್ನುತ್ತಿದ್ದರು. ಕೊನೇ ಸಲ ನೋಡಿ ಬರುತ್ತೇನೆ ಅಂತ ನಾನು ಹೊರಟಿದ್ದೆ.

ಆ ರಾತ್ರಿ ಮೈಸೂರಿನಿಂದ ಫೋನ್ ಬಂತು. ಅಪ್ಪನಿಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು, ಇಲ್ಲಿ ಮತ್ತೆ ಬರೆಯುವುದಿಲ್ಲ. ನಮ್ಮ ಗಾಡಿ ಸಂಜೆಯೇ ಬೆಂಗಳೂರಿಗೆ ವಾಪಸಾಗಿತ್ತು. ಅಣ್ಣ, "ಈ ಹೊತ್ತಲ್ಲಿ ಹೊರಡಬೇಡ, ಅಪ್ಪ ಮಲಗಿದಾರೆ, ಬೆಳಿಗ್ಗೆ ಮೊದಲ ಬಸ್ಸಿಗೆ ಬಾ" ಅಂದ. ನಾನಿದ್ದದ್ದು ಡಬ್ಬ ಕೂರಿಸಿದ್ದ ಒಬ್ಬ ಅಕ್ಕನ ತೋಟದ ಮನೆಯಲ್ಲಿ. ಅವರು ನನ್ನನ್ನು ಅಷ್ಟಾಗಿ ಇಷ್ಟಪಟ್ಟವರೇನೂ ಅಲ್ಲ. ಮಧ್ಯಾಹ್ನವಷ್ಟೇ, "ನಿಮ್ಮ ಡಬ್ಬಿಗಿಂತ ನಮ್ಮ ಹಳೇ ಆಟೋನೇ ವಾಸಿ ಕಣ್ ಮೇಡಮ್ಮ" ಅಂತ ಮುಖಕ್ಕೆ ಹೇಳಿದ್ದರು.

ನನ್ನ ಮುಖ ನೋಡಿ ಅವರು ಏನೂ ಕೇಳಲಿಲ್ಲ. ಒಂದು ಮೊರ ತುಂಬ ಕಡಲೇಕಾಯಿ ತಂದು ಮುಂದಿಟ್ಟು, "ಸುಮ್ಕೆ ಕೂತ್ರೆ ತಲೆ ಕೆಡ್ತದೆ, ಸುಲಿ" ಅಂದರು. ಸುಲಿದೆ. ಬಿತ್ತನೆ ಬೀಜದ ಕಾಯಿ. ಸಿಪ್ಪೆ ಒಡೆಯುವಾಗ ಬೀಜಕ್ಕೆ ಪೆಟ್ಟಾಗಬಾರದು, ಮೇಲಿನ ಕೆಂಪು ಹೊಟ್ಟೂ ಹೋಗಬಾರದು. ನನ್ನ ಕೈಯಲ್ಲಿ ಎರಡಕ್ಕೊಂದು ಹಾಳಾಗುತ್ತಿತ್ತು. ಅವರು ಹಾಳಾದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾ ಮೈದುನನನ್ನು ಬೈಯುತ್ತಾ ಹೋದರು. ಬೋರು ಅಣ್ಣತಮ್ಮಂದಿರಿಬ್ಬರ ಪಾಲಿನದು, ಒಂದು ದಿನ ಇವರಿಗೆ, ಒಂದು ದಿನ ಅವರಿಗೆ. ಗಂಡ ತೀರಿಕೊಂಡ ಮೇಲೆ ಮೈದುನ ಇವರ ಪಾಲಿನ ನೀರಿಗೂ ಕೈ ಹಾಕುತ್ತಾನೆ ಅನ್ನುವುದು ಅಕ್ಕನ ದೂರು. ಸಮಾಧಾನದ ಒಂದು ಮಾತೂ ಆಡಲಿಲ್ಲ, ಸದ್ಯ. ಯಾರಾದರೂ "ಏನೂ ಆಗಲ್ಲ" ಅಂದಿದ್ದರೆ ಆ ಹೊತ್ತಿನಲ್ಲಿ ನಾನು ಕಿರುಚಿಬಿಡುತ್ತಿದ್ದೆನೇನೋ.

ನಡುರಾತ್ರಿ ದಾಟಿದ ಮೇಲೆ ಕರೆಂಟ್ ಬಂತು. ಅಕ್ಕ ಟಾರ್ಚ್ ಹಿಡಿದು ಹೋಗಿ ಬಂದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಏನೋ ಬರೆದರು. ಎದ್ದು ನೋಡಿದೆ. ಪ್ರತಿ ಚೌಕದಲ್ಲೂ ಇರುವೆ ಸಾಲಿನಂಥ ಸಣ್ಣ ಅಕ್ಷರ: ಕರೆಂಟ್ ಬಂದ ಹೊತ್ತು, ನೀರು ಗಾಳಿ ಹೊಡೆದ ಹೊತ್ತು, ಮೋಟರ್ ಆಫ್ ಮಾಡಿದ್ದು, ಮತ್ತೆ ನೀರು ಸರಿಯಾಗಿ ಬಂದದ್ದು. ಹಿಂದಿನ ತಿಂಗಳುಗಳ ಹಾಳೆಗಳನ್ನೂ ಹರಿದಿರಲಿಲ್ಲ. ಯಾಕಕ್ಕಾ ಇದೆಲ್ಲ ಅಂದರೆ, "ಪಂಚಾಯ್ತಿ ಸೇರ್ದಾಗ ತೋರ್ಸೋಕೆ" ಅಂದರು. ಜಗಳಕ್ಕೆ ಬೇಕಾದ ಸಾಕ್ಷಿ ಅದು, ಒಂದು ದಿನವೂ ತಪ್ಪಿಸಿರಲಿಲ್ಲ. ನಮ್ಮ ಲ್ಯಾಬಿನ ಲಾಗ್‌ಶೀಟ್‌ಗಳು ಅಷ್ಟು ಶಿಸ್ತಾಗಿ ಇದ್ದದ್ದನ್ನು ನಾನು ಕಂಡಿಲ್ಲ.

ನಿದ್ದೆಯಂತೂ ಬರುವಂತಿರಲಿಲ್ಲ, ಹಾಳೆ ತಿರುವುತ್ತಾ ಕೂತೆ. ಎಷ್ಟು ಹೊತ್ತು ಓಡಿ ಗಾಳಿ ಹೊಡೆಯಿತೋ ಅದಕ್ಕೆ ತಕ್ಕಂತೆ ಬೋರು ತುಂಬಿಕೊಳ್ಳುವ ಹೊತ್ತೂ ಬದಲಾಗುತ್ತಿತ್ತು. ಬೇಸಿಗೆಯ ಲೆಕ್ಕವೇ ಬೇರೆ, ಮಳೆ ಬಿದ್ದ ಮೇಲಿನದೇ ಬೇರೆ. ಕಾಯುವ ಹೊತ್ತನ್ನು ನಾವು ಕಾರ್ಖಾನೆಯಲ್ಲಿ ಕೂತು ನಿಗದಿ ಮಾಡುವುದರ ಬದಲು, ಹಿಂದಿನ ಓಟ ನೋಡಿ ಸ್ಟಾರ್ಟರೇ ಲೆಕ್ಕ ಹಾಕಿದರೆ? ಕರೆಂಟ್ ಎಷ್ಟಿದೆ ಅನ್ನುವುದರ ಜೊತೆಗೆ ಅದು ಎಷ್ಟು ನಡುಗುತ್ತಿದೆ ಅನ್ನುವುದನ್ನೂ ನೋಡಿದರೆ? ಈಗ ಪೇಟೆಂಟಿನಲ್ಲಿರುವುದು ಹೆಚ್ಚುಕಡಿಮೆ ಇದೇ.

ಬೆಳಗಿನ ಜಾವ ನನ್ನನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟವರು ಅದೇ ಮೈದುನ. ಅಕ್ಕ ಹೋಗಿ ಬಾಗಿಲು ತಟ್ಟಿ ಎಬ್ಬಿಸಿದ್ದರು. ನಾನು ಮೈಸೂರು ಸೇರುವಷ್ಟರಲ್ಲಿ ಅಪ್ಪ ಇರಲಿಲ್ಲ. ಆ ರಾತ್ರಿ ನಾನು ಅಲ್ಲಿರಬೇಕಿತ್ತು ಅನ್ನುವುದು ಹೋಗಿಲ್ಲ, ಹೋಗುವುದೂ ಇಲ್ಲ. ಸರ್ಟಿಫಿಕೇಟ್ ಕೈಗೆ ಬಂದ ದಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಪ್ಪ ಇದ್ದಿದ್ದರೆ ಕಾಗದ ತಿರುಗಿಸಿ ನೋಡಿ, "ಸಂಬಳ ಎಷ್ಟು ಜಾಸ್ತಿ ಮಾಡಿದ್ರು?" ಅಂತಷ್ಟೇ ಕೇಳುತ್ತಿದ್ದರು. ಸ್ವಲ್ಪ ಮಾಡಿದ್ದಾರೆ ಅಪ್ಪ.

ಮುಂದಿನದು ಕಾಗದದ ಕೆಲಸ. ಮೊದಲು ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರಣೆ ಕೊಟ್ಟೆವು. ಚೆನ್ನೈ ಪೇಟೆಂಟ್ ಕಚೇರಿಯ ಪರೀಕ್ಷಾ ವರದಿಯಲ್ಲಿ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಆಕ್ಷೇಪ ಬಂತು: ಇದು ಬರೀ ಅಲ್ಗಾರಿದಮ್ (ಲೆಕ್ಕ ಹಾಕುವ ಕ್ರಮ), ಪೇಟೆಂಟ್ ಕೊಡಲಾಗದು. ಉತ್ತರಕ್ಕೆ 6 ತಿಂಗಳ ಗಡುವು. ನಮ್ಮ ಪೇಟೆಂಟ್ ಏಜೆಂಟ್ ಸಾರ್ ಕ್ಲೇಮುಗಳನ್ನು (ಏನೇನಕ್ಕೆ ಹಕ್ಕು ಕೇಳುತ್ತೇವೆ ಅನ್ನುವ ಸಾಲುಗಳನ್ನು) ಸಿಟಿ, ಮೋಟರಿಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್, ಮೋಟರ್ ಇವಕ್ಕೆ ಬಿಗಿಯಾಗಿ ಕಟ್ಟಿ, ವಿಡಿಯೋ ಹಿಯರಿಂಗ್‌ನಲ್ಲಿ ಒಂದು ಸಲವೂ ದನಿ ಏರಿಸದೆ ವಾದಿಸಿದರು. ಅವರ ತಾಳ್ಮೆಗೆ ದೊಡ್ಡ ನಮಸ್ಕಾರ.

ಅರ್ಜಿ ತುಂಬುವಾಗ ಇನ್ವೆಂಟರ್‌ಗಳ ಪಟ್ಟಿಯಲ್ಲಿ ಅಕ್ಕನ ಹೆಸರು ಸೇರಿಸಬಹುದಾ ಅಂತ ಏಜೆಂಟ್ ಸಾರನ್ನೇ ಕೇಳಿದ್ದೆ. ಪರಿಹಾರ ಹೊಳೆದದ್ದು ಯಾರಿಗೋ ಅವರಷ್ಟೇ ಇನ್ವೆಂಟರ್, ಮಾಹಿತಿ ಕೊಟ್ಟವರಲ್ಲ ಅಂತ ಕಾನೂನು ಹೇಳಿದರು. ಕಾನೂನು ಸರಿಯೇ ಇರಬಹುದು, ನನಗೆ ಮಾತ್ರ ಇನ್ನೂ ಅರ್ಧ ಒಪ್ಪಿಗೆ. ಕ್ಯಾಲೆಂಡರಿನ ಫೋಟೋ ಬಳಸಿದ್ದಕ್ಕೆ ಕಂಪನಿಯಿಂದ ಅಕ್ಕನಿಗೆ ಹಣ ಕೊಡಿಸಿದೆವು. ಅದನ್ನು ಕೊಡಿಸಲು ಓಡಾಡಿದ ನನ್ನ ಬಾಸ್‌ಗೆ ಉಳಿದದ್ದಕ್ಕೆಲ್ಲಕ್ಕಿಂತ ಅದಕ್ಕೇ ಹೆಚ್ಚು ಋಣಿ.

ಪೇಟೆಂಟ್ ಬಂತು ಅಂತ ಫೋನ್ ಮಾಡಿದಾಗ ಅಕ್ಕ, "ಅದೇನೋ ನಂಗೊತ್ತಿಲ್ಲ ಕಣಮ್ಮ. ನನ್ ಲೆಕ್ಕ ಸರಿಯಿತ್ತು ಅಂತ ಸರ್ಕಾರದೋರು ಬರ್‌ಕೊಟ್ಟವ್ರಾ? ಬರ್‌ಕೊಟ್ಟಿದ್ರೆ ಒಂದ್ ಜೆರಾಕ್ಸ್ ಕಳ್ಸು, ಮೈದುನಂಗೆ ತೋರ್ಸ್ಬೇಕು" ಅಂದರು. ಜೆರಾಕ್ಸ್ ಕಳಿಸಿದ್ದೇನೆ. ಇಂಗ್ಲಿಷಿನಲ್ಲಿದೆ, ಜಗಳಕ್ಕೆ ಎಷ್ಟು ಉಪಯೋಗವೋ ಗೊತ್ತಿಲ್ಲ.

ಇದನ್ನು ಅವರ ಮಗಳು ಓದಿ ಹೇಳುತ್ತಾಳೆ ಅಂತ ಗೊತ್ತು. ಅಕ್ಕಾ, ಡಬ್ಬದ ಬಾಗಿಲಿನ ಸ್ಕ್ರೂ ತುಕ್ಕು ಹಿಡಿಯುತ್ತೆ ಅಂದಿದ್ರಲ್ಲ, ಮುಂದಿನ ಲಾಟಿನಿಂದ ಸ್ಟೀಲಿನವನ್ನೇ ಹಾಕಿಸುತ್ತಿದ್ದೇವೆ. ನಿಮ್ಮದನ್ನು ಬದಲಾಯಿಸೋಕೆ ಹುಡುಗ ಬರುತ್ತಾನೆ, ಅವನು ಕೇಳಿದರೂ ದುಡ್ಡು ಕೊಡಬೇಡಿ.