ಪೌಡರ್ ಕೋಟಿಂಗ್‌ನ ಮೇಲಿನ ಪದರಗಳು ಕಿತ್ತುಬರುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪೌಡರ್ ಕೋಟಿಂಗ್ ವಿಭಾಗ

ಮಾನ್ಯರೇ,

ವಿಷಯ: ಮೋಟಾರ್‌ಸೈಕಲ್ ಬಿಡಿಭಾಗಗಳ ಬಹುಪದರ ಬಣ್ಣದ ಕೆಲಸದಲ್ಲಿನ ದೋಷ ಮತ್ತು ಅದನ್ನು ಪೂರ್ತಿಯಾಗಿ ಮತ್ತೆ ಮಾಡಿಕೊಡುವ ಬಗ್ಗೆ

ನಾನು ಅಳತೆ ಕೊಟ್ಟು ಮಾಡಿಸಿದ ಉಕ್ಕಿನ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ತೆಳು ತಗಡಿನ ಬ್ರ್ಯಾಕೆಟ್‌ಗಳು ಮತ್ತು ಒಂದು ಜೊತೆ ಎರಕದ ಅಲ್ಯೂಮಿನಿಯಂ ಚಕ್ರಗಳಿಗೆ ಬೆಳ್ಳಿ ಬಣ್ಣದ ಬೇಸ್ (ತಳಪದರ), ಅದರ ಮೇಲೆ ಪಾರದರ್ಶಕ ನೀಲಿ ಕ್ಯಾಂಡಿ, ಕೊನೆಗೆ ಬಣ್ಣವಿಲ್ಲದ ಕ್ಲಿಯರ್ ಹೀಗೆ ಮೂರು ಪದರ ಪೌಡರ್ (ಸಿಂಪಡಿಸಿ ಓವನ್‌ನಲ್ಲಿ ಬೇಯಿಸುವ ಪುಡಿಬಣ್ಣ) ಹಾಕಿಕೊಡಲು, ಹಾಗೂ ಚಕ್ರದ ಅಂಚಿನಲ್ಲಿ ಎರಡು ಘಟಕಗಳ ಪಾಲಿಯುರೆಥೇನ್ ಪೇಂಟ್‌ನಿಂದ ತೆಳುವಾದ ಬಿಳಿ ಪಟ್ಟಿ ಎಳೆದುಕೊಡಲು ತಮ್ಮ ಸಂಸ್ಥೆಗೆ ಒಪ್ಪಿಸಿದ್ದೆ. ತಂದ ದಿನ ಕೆಲಸ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಈಗ ನೀಲಿ ಮತ್ತು ಕ್ಲಿಯರ್ ಎರಡೂ ಒಟ್ಟಾಗಿ, ಉಗುರು ತಾಗಿಸಿದರೆ ಸಾಕು, ಹಾಳೆಯಾಗಿ ಎದ್ದು ಬರುತ್ತಿವೆ.

ರಸ್ತೆಯ ಕಲ್ಲು ಸಿಡಿದು ಹೀಗಾಗಿದೆ, ಇದು ಬಳಕೆಯ ದೋಷ ಎಂದು ತಮ್ಮ ಕಡೆಯಿಂದ ಉತ್ತರ ಬಂದಿದೆ. ಅದನ್ನು ನಾನು ಒಪ್ಪುವುದಿಲ್ಲ. ಕಲ್ಲು ಬಡಿದ ಜಾಗದಲ್ಲಿ ಗುಳಿ ಬೀಳಬೇಕು, ಅಥವಾ ಬೇಸ್ ಕೂಡ ಸೀಳಿ ಲೋಹ ಕಾಣಬೇಕು. ಇಲ್ಲಿ ಬೇಸ್‌ಗೆ ಏನೂ ಆಗಿಲ್ಲ, ಲೋಹಕ್ಕೆ ಅದು ಗಟ್ಟಿಯಾಗಿಯೇ ಅಂಟಿಕೊಂಡಿದೆ. ಅಲ್ಲದೆ ಪದರ ಎದ್ದಿರುವುದು ಬೋಲ್ಟ್‌ನ ವಾಷರ್ ಸುತ್ತ ಮತ್ತು ಸ್ವಿಂಗ್‌ಆರ್ಮ್‌ನ ಒಳಮಗ್ಗುಲಲ್ಲಿ, ಅಂದರೆ ಕಲ್ಲು ತಲುಪಲಾರದ ಕಡೆ. ಆದ್ದರಿಂದ ಬಿಟ್ಟಿರುವುದು ಲೋಹಕ್ಕೂ ಬಣ್ಣಕ್ಕೂ ನಡುವಿನ ಹಿಡಿತವಲ್ಲ, ಬೇಸ್‌ಗೂ ಅದರ ಮೇಲಿನ ನೀಲಿಗೂ ನಡುವಿನ ಹಿಡಿತ.

ಪೌಡರ್ ಮೇಲೆ ಪೌಡರ್ ಹಿಡಿಯಬೇಕಾದರೆ ಇರುವ ದಾರಿಗಳು ತಮಗೆ ಗೊತ್ತಿರುವಂಥವೇ. ಕೆಳಗಿನ ಪದರವನ್ನು ಅರ್ಧ ಮಾತ್ರ ಬೇಯಿಸಿ, ಅದರ ಮೇಲೆ ಎರಡನೆಯದನ್ನು ಹಾಕಿ, ಕೊನೆಗೆ ಎರಡನ್ನೂ ಒಟ್ಟಿಗೆ ಪೂರ್ತಿ ಕ್ಯೂರ್ ಮಾಡಿದರೆ (ಬೇಯಿಸಿ ಗಟ್ಟಿಗೊಳಿಸಿದರೆ) ಪದರಗಳ ನಡುವೆ ರಾಸಾಯನಿಕ ಬಂಧ ಏರ್ಪಡುತ್ತದೆ. ಕೆಳಗಿನದು ಪೂರ್ತಿ ಬೆಂದುಹೋಗಿದ್ದರೆ 320ರಿಂದ 400ರ ಎಮರಿ ಕಾಗದದಿಂದ ಅದರ ಹೊಳಪು ಮುರಿದು, ಒರೆಸಿ, ಆಮೇಲೆ ಮುಂದಿನ ಪದರ ಹಾಕಬೇಕು. ನನ್ನ ಭಾಗಗಳಲ್ಲಿ ಕಿತ್ತುಬಂದ ನೀಲಿಯ ಕೆಳಗೆ ಬೆಳ್ಳಿ ಬಣ್ಣ ಕನ್ನಡಿಯಂತೆ ಹೊಳೆಯುತ್ತಿದೆ, ಉಜ್ಜಿದ ಒಂದು ಗೀರೂ ಇಲ್ಲ. ಇನ್ನೂ ಒಂದು ಸಂಗತಿ ಗಮನಿಸಬೇಕು: ತೆಳು ಬ್ರ್ಯಾಕೆಟ್‌ಗಳಲ್ಲಿ ಪದರ ಸಲೀಸಾಗಿ ಏಳುತ್ತದೆ, ಸ್ವಿಂಗ್‌ಆರ್ಮ್‌ನ ದಪ್ಪ ಪಿವಟ್ (ತಿರುಗುಕೀಲು) ಬಳಿ ಮಾತ್ರ ಬ್ಲೇಡ್ ಹಾಕಿದರೂ ಬರುವುದಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಓವನ್‌ಗೆ ತೂಗುಹಾಕಿ, ಒಳಗಿನ ಗಾಳಿಯ ತಾಪ ನೋಡಿಕೊಂಡು ಹೊರತೆಗೆದಿದ್ದಾರೆ ಎಂಬುದೇ ಇದಕ್ಕೆ ನನಗೆ ತೋರುವ ಕಾರಣ. ತೆಳು ತಗಡು ಬೇಗ ಕಾದು ಬೇಸ್ ಪೂರ್ತಿ ಬೆಂದಿದೆ, ದಪ್ಪ ಲೋಹದ ಮೇಲಿನ ಬೇಸ್ ಅರ್ಧಕ್ಕೇ ನಿಂತಿದೆ. ಸಾಮಾನ್ಯ ಪಾಲಿಯೆಸ್ಟರ್ ಪೌಡರ್‌ಗೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ನಿಮಿಷ ಎಂದು ತಯಾರಕರು ಹೇಳುವುದು ಲೋಹದ ತಾಪವನ್ನು ಕುರಿತು, ಓವನ್‌ನ ಗಾಳಿಯನ್ನು ಕುರಿತಲ್ಲ.

ಇದು ಬರೀ ನನ್ನ ಊಹೆ ಎನ್ನುವುದಾದರೆ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 2409ರ ಪ್ರಕಾರ ಚೌಕಗೀರು ಪರೀಕ್ಷೆಯನ್ನು (ಬಣ್ಣವನ್ನು ಚೌಕಚೌಕವಾಗಿ ಗೀರಿ ಹಿಡಿತ ನೋಡುವುದು) ನನ್ನ ಎದುರಿನಲ್ಲೇ ಮಾಡಿ. ಪದರಗಳ ಒಟ್ಟು ದಪ್ಪ 120 ಮೈಕ್ರಾನ್ ಮೀರಿರುವುದರಿಂದ ಗೀರುಗಳ ನಡುವೆ 3 ಮಿಲಿಮೀಟರ್ ಅಂತರವಿರಲಿ. ಒಳ್ಳೆಯ ಹಿಡಿತಕ್ಕೆ ಸೊನ್ನೆ, ತೀರಾ ಕೆಟ್ಟದ್ದಕ್ಕೆ ಐದು ಎಂಬುದು ಅದರ ಲೆಕ್ಕ. ಬ್ರ್ಯಾಕೆಟ್ ಯಾವ ಅಂಕಕ್ಕೆ ಬೀಳುತ್ತದೆಂದು ತಾವೇ ನೋಡುವಿರಿ.

ಇದರ ಜೊತೆಗೆ ಎರಡು ಚಕ್ರಗಳ ನೀಲಿಯೂ ಒಂದೇ ಅಲ್ಲ. ಕ್ಯಾಂಡಿ ಬಣ್ಣ ದಪ್ಪವಾದಷ್ಟೂ ಗಾಢವಾಗುತ್ತದೆ, ಕಡ್ಡಿಗಳ ಸಂದಿಗೆ ಪೌಡರ್ ಸರಿಯಾಗಿ ಇಳಿಯುವುದಿಲ್ಲ ಎಂಬುದು ನಿಜ, ಸ್ವಲ್ಪ ವ್ಯತ್ಯಾಸ ನಾನೂ ನಿರೀಕ್ಷಿಸಿದ್ದೆ. ಆದರೆ ಒಂದೇ ಜೊತೆಯ ಚಕ್ರಗಳು ಬೇರೆ ಬೇರೆ ಗಾಡಿಯವು ಎನ್ನುವಷ್ಟು ವ್ಯತ್ಯಾಸ ಒಪ್ಪತಕ್ಕದ್ದಲ್ಲ. ಎರಕದ ಲೋಹದೊಳಗಿನ ಗಾಳಿ ಹೊರಬರಲೆಂದು ಮೊದಲೇ ಒಮ್ಮೆ ಬರಿ ಚಕ್ರಗಳನ್ನು ಕಾಯಿಸಬೇಕೆಂದು ಕೆಲಸದ ಚೀಟಿಯಲ್ಲಿ ಬರೆಸಿದ್ದೆ, ಆದರೂ ಸೂಜಿಮೊನೆಯಷ್ಟು ರಂಧ್ರಗಳು ಉಳಿದಿವೆ. ಬಿಳಿ ಪಟ್ಟಿಯನ್ನು ಉಜ್ಜದ ಕ್ಲಿಯರ್ ಮೇಲೆಯೇ ಎಳೆದಿರುವುದರಿಂದ ಅದೂ ಟೇಪ್‌ಗೆ ಅಂಟಿಕೊಂಡು ಬರುತ್ತಿದೆ. ಬೇರಿಂಗ್ ಕೂರುವ ಜಾಗಕ್ಕೂ ಪೌಡರ್ ಹೋಗಿದೆ.

ಮೇಲೊಂದು ಕ್ಲಿಯರ್ ಹೊಡೆದು ಸರಿಪಡಿಸಿಕೊಡುತ್ತೇವೆ ಎಂಬ ತಮ್ಮ ಸಲಹೆ ನನಗೆ ಬೇಡ. ಬಿಟ್ಟುಕೊಂಡಿರುವ ನೀಲಿಯ ಮೇಲೆ ಹೊಸ ಕ್ಲಿಯರ್ ಎಷ್ಟೇ ಗಟ್ಟಿಯಾಗಿ ಕೂತರೂ ನೀಲಿಯೊಂದಿಗೆ ಅದೂ ಏಳುತ್ತದೆ. ಜೊತೆಗೆ, ದ್ರವ ಪೇಂಟ್‌ನ ಪಟ್ಟಿಯನ್ನು ಮತ್ತೆ ಆ ತಾಪದ ಓವನ್‌ಗೆ ಒಡ್ಡಿದರೆ ಅದು ಹಳದಿಗಟ್ಟುವ ಅಥವಾ ಗುಳ್ಳೆಯೇಳುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಎಲ್ಲ ಭಾಗಗಳನ್ನೂ ಬರಿಲೋಹದವರೆಗೆ ಬಿಡಿಸಿ, ಪೂರ್ವಸಂಸ್ಕರಣೆಯಿಂದ ಆರಂಭಿಸಿ, ಹೆಚ್ಚಿನ ಹಣ ಕೇಳದೆ ಮತ್ತೆ ಮಾಡಿಕೊಡಬೇಕು. ಚಕ್ರಗಳ ಬಣ್ಣವನ್ನು ರಾಸಾಯನಿಕದಿಂದಲೇ ತೆಗೆಯಬೇಕು. ಬಣ್ಣ ಸುಡುವ ಕುಲುಮೆಗೆ ಹಾಕಿದರೆ ಹದಗೊಳಿಸಿದ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ, ಮತ್ತು ಆ ಚಕ್ರದ ಮೇಲೆ ಕೂರುವವನು ನಾನು. ತೆಳು ಮತ್ತು ದಪ್ಪ ಭಾಗಗಳನ್ನು ಬೇರೆ ಬೇರೆಯಾಗಿ ಬೇಯಿಸಿ, ಲೋಹದ ತಾಪದ ದಾಖಲೆಯನ್ನೂ ಅದೇ ಪೌಡರ್‌ನಿಂದ ಮಾಡಿದ ಒಂದು ಮಾದರಿ ತಗಡನ್ನೂ ಭಾಗಗಳ ಜೊತೆ ಕೊಡಬೇಕು. ಇದು ಸಾಧ್ಯವಿಲ್ಲವೆಂದರೆ ನಾನು ಕೊಟ್ಟ ಪೂರ್ತಿ ಹಣವನ್ನು ಹಿಂತಿರುಗಿಸಿ, ನಾನು ಬೇರೆಡೆ ಮಾಡಿಸಿಕೊಳ್ಳುತ್ತೇನೆ.

ಕಿತ್ತುಬಂದ ಪದರದ ತುಂಡುಗಳನ್ನು ತೆಗೆದಿಟ್ಟಿದ್ದೇನೆ, ಭಾಗಗಳನ್ನು ದುರಸ್ತಿ ಮಾಡಿಸದೆ ಹಾಗೆಯೇ ಇಟ್ಟಿದ್ದೇನೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಪರಿಶೀಲನೆಯ ದಿನವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಇತಿ,
ತಮ್ಮ ಗ್ರಾಹಕ

ಲಗತ್ತು: ಕೆಲಸದ ಚೀಟಿಯ ಪ್ರತಿ, ಪಾವತಿ ರಸೀದಿಯ ಪ್ರತಿ, ಛಾಯಾಚಿತ್ರಗಳು